ಕೆಂಪು ಗೆರೆಯ ಕಾರ್ಡು

ಗನ್ ಕೂಗಲಿಲ್ಲ.

ಗೇಟು ಕಾಯುವ ಸಾಂತಪ್ಪ ಬಾರ್‌ಕೋಡ್ ಓದುವ ಆ ಗನ್ನನ್ನು ಕೂಲಿಯಾಳು ದೊಡ್ಡಿಯ ಕೊರಳಲ್ಲಿ ತೂಗುತ್ತಿದ್ದ ಕಾರ್ಡಿಗೆ ಇನ್ನಷ್ಟು ಹತ್ತಿರ ಹಿಡಿದ, ಆಮೇಲೆ ದೂರ ಹಿಡಿದ. ಕೆಂಪು ಬೆಳಕು ಕಾರ್ಡಿನ ಮೇಲೆ ಓಡಾಡಿತೇ ಹೊರತು ಸದ್ದು ಬರಲಿಲ್ಲ.

"ಇವತ್ತೂ ಇಲ್ಲ ಕಣಮ್ಮ," ಎಂದ.

ದೊಡ್ಡಿ ಸೆರಗಿನ ತುದಿಯಲ್ಲಿ ಕಾರ್ಡನ್ನು ಉಜ್ಜಿ ಮತ್ತೆ ಚಾಚಿದಳು. "ಇನ್ನೊಂದ್ಸಲ ನೋಡಪ್ಪ. ನಿನ್ನೆಗಿಂತ ಚೆನ್ನಾಗಿ ಒರ್ಸಿದೀನಿ."

ಹಿಂದೆ ಸಾಲಿನಲ್ಲಿದ್ದವರು ಗೊಣಗಿದರು. ಬಿಸಿಲೇರುವ ಮೊದಲು ಅವರು ಕಾಫಿ ಗಿಡದ ಬುಡ ಸೇರಬೇಕು. ದೊಡ್ಡಿ ಪಕ್ಕಕ್ಕೆ ಸರಿದು, ಎಂಟು ದಿನದಿಂದ ಕೂರುತ್ತಿದ್ದ ಕಲ್ಲಿನ ಮೇಲೆಯೇ ಕೂತಳು. ಅವಳ ಹಿಂದಿದ್ದವರ ಕಾರ್ಡುಗಳಿಗೆಲ್ಲ ಗನ್ ಒಂದೊಂದಾಗಿ ಕೂಗಿತು.

ಆಫೀಸಿನ ಕಿಟಕಿಯಲ್ಲಿ ಸುಧಾ ಎಲ್ಲವನ್ನೂ ನೋಡುತ್ತಿದ್ದಳು. ಗೇಟಿನ ಆ ಹಾಜರಿ ಆ್ಯಪ್ ಅವಳದೇ ಕೈಕೆಲಸ. ಸೋಮವಾರಪೇಟೆಯಲ್ಲಿ ಬಿ.ಕಾಂ. ಮಾಡಿದ ಹುಡುಗಿ, ಕೋಡ್ ಬರೆಯಲು ಕಲಿತವಳಲ್ಲ. ಕಲಿಯುವ ಅಗತ್ಯವೂ ಬೀಳಲಿಲ್ಲ. ಬೇಕಾದ ತುಂಡುಗಳನ್ನು ಎಳೆದು ತಂದು ಪರದೆಯ ಮೇಲೆ ಕೂರಿಸಿದರೆ ಆ್ಯಪ್ ತಾನಾಗಿ ಎದ್ದು ನಿಲ್ಲುತ್ತಿತ್ತು. ಬಾರ್‌ಕೋಡ್ ಕೂಡ ಅಂಥದೇ ಒಂದು ತುಂಡು. ಎಳೆದು ತಂದು, ಆಳಿನ ನಂಬರಿಗೆ ಜೋಡಿಸಿ, ಗೆರೆಯ ಎತ್ತರ, ದಪ್ಪ, ಬಣ್ಣ ಆರಿಸಿದರೆ ಮುಗಿಯಿತು. ಕೆಳಗೆ ಹೆಸರು ಕಾಣಬೇಕೋ ಬೇಡವೋ ಎನ್ನುವುದಕ್ಕೂ ಒಂದು ಗುಂಡಿ. ಸುಧಾ ವಾರವಿಡೀ ಅದರೊಂದಿಗೆ ಆಡಿದ್ದಳು.

ಎಸ್ಟೇಟಿನ ಸಾಹುಕಾರ ಶಿವಪ್ರಕಾಶ್ ಮೊದಲ ದಿನ ಎಲ್ಲರನ್ನೂ ಸೇರಿಸಿ ಗನ್ನನ್ನು ಎತ್ತಿ ತೋರಿಸಿದ್ದ. "ಇದಕ್ಕೆ ಮುಖ ನೋಡಿ ಮಣೆ ಹಾಕಕ್ಕೆ ಬರಲ್ಲ. ಕೂಗಿದ್ರೆ ಕೆಲ್ಸ, ಕೂಗ್ದಿದ್ರೆ ಇಲ್ಲ. ಕೊಯ್ಲಲ್ಲಿ ಹತ್ತು ದಿನ ಕೂಗ್ಲಿಲ್ಲ ಅಂದ್ರೆ ಎಸ್ಟೇಟ್ ಕೊಟ್ಟಿರೋ ಲೈನ್ ಮನೆ ಬಿಡ್ಬೇಕು. ಅಸ್ಸಾಮಿಂದ ಕೆಲ್ಸಕ್ಕೆ ಬರೋರಿಗೆ ರೂಮ್ ಇಲ್ಲ ಇಲ್ಲಿ." ಕೈಯಲ್ಲಿ ಹಾಜರಿ ಹಾಕುವ ಜಾಗವನ್ನು ಆ್ಯಪಿನಿಂದಲೇ ತೆಗೆಸಿದ್ದ. ತೆಗೆಸುವಾಗ ಸುಧಾಳನ್ನು ನೋಡಿ, "ನಿಮ್ಮಪ್ಪನ ಚಾಳಿ ನಿಂಗೆ ಬರ್ಬಾರ್ದು ನೋಡು," ಎಂದು ನಕ್ಕಿದ್ದ. ಅವಳ ಅಪ್ಪ ಸಿದ್ದಣ್ಣ ಇದೇ ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರ್ ಆಗಿದ್ದವನು. ಜ್ವರದಲ್ಲಿ ಮಲಗಿದ್ದ ದೊಡ್ಡಿಗೆ ನಾಲ್ಕು ದಿನ ಸುಳ್ಳು ಹಾಜರಿ ಹಾಕಿ ಸಿಕ್ಕಿಬಿದ್ದು ಕೆಲಸ ಕಳೆದುಕೊಂಡಿದ್ದ. ಅವನು ಸತ್ತ ಮೇಲೆ, ಹಳೆಯದನ್ನು ಮರೆತವನಂತೆ, ಮಗಳನ್ನು ಕರೆದು ಕೆಲಸಕ್ಕಿಟ್ಟುಕೊಂಡವನು ಶಿವಪ್ರಕಾಶ್. ಮರೆತಿರಲಿಲ್ಲ ಎನ್ನುವುದು ಈಗ ಗೊತ್ತಾಗಿತ್ತು.

ಕಾರ್ಡುಗಳೆಲ್ಲ ಒಂದೇ ಥರ ಇರಬೇಕೆಂದೂ ಅವನು ಹೇಳಿದ್ದ. ಒಂದು ಮಾತ್ರ ಹಾಗಿರಲಿಲ್ಲ.

"ನಂಗೆ ಓದಕ್ಕೆ ಬರಲ್ಲ ಕೂಸೇ," ಎಂದು ದೊಡ್ಡಿ ಕಾರ್ಡು ಹಂಚುವ ಹಿಂದಿನ ದಿನ ಆಫೀಸಿನ ಬಾಗಿಲಲ್ಲಿ ನಿಂತಿದ್ದಳು. "ಎಲ್ಲಾರ್ದೂ ಕರೀ ಗೆರೆ. ಮೊಳೆಗೆ ತಗಲಾಕಿದ್ರೆ ಯಾರ್ದು ಯಾವ್ದು ಅಂತ ಹೆಂಗೆ ಗೊತ್ತಾಗ್ತದೆ? ನಂದಕ್ಕೆ ಏನಾದ್ರೂ ಗುರ್ತು ಮಾಡು." ದುಬಾರೆ ಕಡೆಯ ಕಾಡಿನ ಹಾಡಿಯಿಂದ ಮದುವೆಯಾಗಿ ಬಂದು, ಗಂಡ ಸತ್ತ ಮೇಲೂ ಎಸ್ಟೇಟಿನ ಲೈನಿನ ಕೊನೆಯ ಮನೆಯಲ್ಲೇ ಮೂವತ್ತು ವರ್ಷ ಕಳೆದವಳು. ಸುಧಾಳನ್ನು ಚಿಕ್ಕಂದಿನಲ್ಲಿ ಸೊಂಟದ ಮೇಲೆ ಕೂರಿಸಿಕೊಂಡು ಕಿತ್ತಳೆ ಸುಲಿದು ತಿನ್ನಿಸಿದ್ದವಳು. ಸುಧಾ ಬಣ್ಣದ ಪಟ್ಟಿ ತೆರೆದು ಕೆಂಪನ್ನು ಒತ್ತಿದಳು. ಗೆರೆಗಳೆಲ್ಲ ಕುಂಕುಮದ ಬಣ್ಣಕ್ಕೆ ತಿರುಗಿದಾಗ ದೊಡ್ಡಿ ಬಾಯಿಗೆ ಕೈ ಇಟ್ಟುಕೊಂಡು ನಕ್ಕಿದ್ದಳು. ತನ್ನ ಕಪ್ಪು ಕಾರ್ಡಿನ ಮೇಲೆ ಗನ್ನನ್ನು ಹತ್ತು ಸಲ ಪರೀಕ್ಷಿಸಿದ್ದ ಸುಧಾ ಆ ಕೆಂಪಿನ ಮೇಲೆ ಒಮ್ಮೆಯೂ ಹಿಡಿದು ನೋಡಿರಲಿಲ್ಲ.

ಒಂಬತ್ತನೆಯ ದಿನದ ಆ ಮಧ್ಯಾಹ್ನ, ಸಾಂತಪ್ಪ ಊಟಕ್ಕೆ ಹೋದಾಗ, ಅವಳು ಗನ್ ತಂದು ಬಾಗಿಲು ಹಾಕಿಕೊಂಡಳು. ದೊಡ್ಡಿಯ ನಂಬರನ್ನು ಹಾಳೆಯ ಮೇಲೆ ಕೆಂಪಿನಲ್ಲಿ ಪ್ರಿಂಟ್ ಹಾಕಿ ಹಿಡಿದಳು. ಸದ್ದಿಲ್ಲ. ಅದೇ ನಂಬರನ್ನು ಕಪ್ಪಿನಲ್ಲಿ ಹಾಕಿ ಹಿಡಿದಳು. ಗನ್ ಕೂಗಿತು. ಗನ್ನಿನ ಬೆಳಕೂ ಕೆಂಪು, ಗೆರೆಯೂ ಕೆಂಪು. ಅದರ ಕಣ್ಣಿಗೆ ದೊಡ್ಡಿಯ ಕಾರ್ಡು ಬರೀ ಬಿಳಿ ಹಾಳೆ.

ಸುಧಾ ಕಂಪ್ಯೂಟರಿನಲ್ಲಿ ದೊಡ್ಡಿಯ ಕಾರ್ಡು ತೆರೆದಳು. ಒಂದು ಬಣ್ಣ ಬದಲಿಸಿದರೆ ಸಾಕು, ಎರಡು ನಿಮಿಷದ ಕೆಲಸ. ಆದರೆ ಒಂಬತ್ತು ದಿನ ಸತ್ತಂತಿದ್ದ ಕಾರ್ಡು ಇದ್ದಕ್ಕಿದ್ದಂತೆ ಕೂಗಿದರೆ ಸಾಹುಕಾರ ಕಾರಣ ಕೇಳದೆ ಬಿಡುವವನಲ್ಲ. ಅಪ್ಪ ದೊಡ್ಡಿಗೆ ಹಾಜರಿ ಹಾಕಿದ, ಮಗಳು ದೊಡ್ಡಿಗೆ ಬಣ್ಣ ಹಾಕಿದಳು ಎನ್ನುತ್ತಾನೆ. ನಾಳೆ ಬೇರೆ ನಾಲ್ಕು ಎಸ್ಟೇಟಿನವರು ಆ್ಯಪ್ ನೋಡಲು ಬರುವವರಿದ್ದರು. ಒಪ್ಪಿದರೆ ಅಲ್ಲೆಲ್ಲ ಅದನ್ನು ಕೂರಿಸುವ ಕೆಲಸ ಅವಳದೇ. ನಾಳೆ ಹತ್ತನೆಯ ದಿನವೇ ಆದರೂ ಅವರು ಹೋಗಲಿ, ಸಂಜೆಯೊಳಗೆ ಮೆಲ್ಲಗೆ ಬದಲಿಸುತ್ತೇನೆ ಎಂದುಕೊಂಡಳು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು. ಕಪ್ಪಿನ ಹಾಳೆಯನ್ನು ನಾಲ್ಕಾಗಿ ಮಡಿಸಿ ಬ್ಯಾಗಿಗೆ ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ಗೇಟಿನ ಮುಂದೆ ಜೀಪುಗಳು ನಿಂತವು. ಶಿವಪ್ರಕಾಶ್ ತಾನೇ ಗನ್ ಹಿಡಿದ. ಕಾರ್ಡುಗಳು ಕೂಗುತ್ತಾ ಹೋದವು, ಬಂದವರು ತಲೆದೂಗುತ್ತಾ ಹೋದರು. ಕೊನೆಗೆ ಅವನ ಕಣ್ಣು ಕಲ್ಲಿನ ಮೇಲಿದ್ದವಳ ಮೇಲೆ ಬಿತ್ತು.

"ಬಾ ಇಲ್ಲಿ ದೊಡ್ಡಿ. ನೋಡಿ, ಇವ್ಳದ್ದು ಇವತ್ತಿಗೆ ಹತ್ನೇ ದಿನ. ನಾನಾಗಿದ್ರೆ ಅಯ್ಯೋ ಪಾಪ ಅಂತಿದ್ದೆ. ಮಿಷನ್ ಅನ್ನಲ್ಲ."

ಗನ್ ಹಿಡಿದ. ಸದ್ದಿಲ್ಲ. ಒಂದಿಬ್ಬರು ನಕ್ಕರು. ನೆರೆಯ ಎಸ್ಟೇಟಿನ ಮುದುಕರೊಬ್ಬರು ಮಾತ್ರ ಬಗ್ಗಿ ನೋಡಿ, "ಇದ್ಯಾಕೆ ಕೆಂಪಗಿದೆ? ಕಾರ್ಡೇ ಸರಿ ಇಲ್ವೇನಮ್ಮ?" ಎಂದು ಸುಧಾಳನ್ನು ಕೇಳಿದರು.

ಎಲ್ಲರೂ ತಿರುಗಿದರು. ಶಿವಪ್ರಕಾಶನ ನಗು ನಿಂತಿತು. ದೊಡ್ಡಿ ಸುಧಾಳನ್ನೇ ನೋಡುತ್ತಿದ್ದಳು, ಇನ್ನು ತೊಂದರೆಯಿಲ್ಲ ಎನ್ನುವ ನಂಬಿಕೆಯಲ್ಲಿ.

"ಕಾರ್ಡ್ ಸರಿಯಾಗೇ ಇತ್ತು ಸಾರ್," ಎಂದಳು ಸುಧಾ. "ದಿನಾ ಸೆರಗಲ್ಲಿ ಉಜ್ಜಿ ಉಜ್ಜಿ ಅವ್ಳೇ ಹಾಳು ಮಾಡ್ಕೊಂಡಿದಾಳೆ. ಬಣ್ಣಾನೂ ಅದಕ್ಕೇ ಹಂಗಾಗಿದೆ."

ದೊಡ್ಡಿ ಕಾರ್ಡನ್ನು ನೋಡಿದಳು, ತನ್ನ ಸೆರಗನ್ನು ನೋಡಿದಳು. "ಹೌದು ಬುದ್ದಿ," ಎಂದಳು. "ನಾನೇ ಉಜ್ಜಿದ್ದು."

"ಸಂಜೆ ಬೀಗ ಕೊಟ್ಟು ಹೋಗು," ಎಂದು ಶಿವಪ್ರಕಾಶ್ ಬಂದವರನ್ನು ಕಾಫಿಗೆ ಕರೆದೊಯ್ದ.

ಸಂಜೆ ದೊಡ್ಡಿ ಒಂದು ಗಂಟು, ಒಂದು ಅಲ್ಯೂಮಿನಿಯಂ ಪಾತ್ರೆಯೊಂದಿಗೆ ಆಫೀಸಿಗೆ ಬಂದಳು. ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು. ಕರಿಕೆಯಲ್ಲಿ ತಂಗಿಯ ಮಗಳಿದ್ದಾಳೆ, ಇಟ್ಟುಕೊಂಡರೆ ಇಟ್ಟುಕೊಂಡಾಳು ಎಂದಳು. ಸುಧಾ ಕಂಪ್ಯೂಟರಿನಿಂದ ಮುಖ ಎತ್ತಲಿಲ್ಲ. ಮಡಿಸಿದ ಹಾಳೆ ಬ್ಯಾಗಿನಲ್ಲೇ ಇತ್ತು. ಅವಳಿಗೆ ಅಳು ಬರುತ್ತಿತ್ತು, ಆದರೆ ಅತ್ತರೆ ಬಾಯಿ ಬಿಡಬೇಕಾಗುತ್ತದೆ ಎಂದು ಹಲ್ಲು ಕಚ್ಚಿ ಕೂತಳು.

"ಕಾರ್ಡೂ ಕೊಡ್ಬೇಕಾ ಕೂಸೇ?"

"ಕೊಡ್ಬೇಕು."

ದೊಡ್ಡಿ ಕೊರಳಿನಿಂದ ತೆಗೆದಳು, ಕೊಡಲಿಲ್ಲ. "ಹಾಳಾಗಿದ್ದು ತಾನೇ, ಯಾರಿಗೆ ಬೇಕು? ನಾನೇ ಇಟ್ಕೊತೀನಿ ಬಿಡು. ಅಷ್ಟ್ ಜನ್ದಾಗೆ ನಂಗೊಬ್ಳಿಗೇ ನೀನು ಬಣ್ಣ ಹಾಕಿ ಕೊಟ್ಟಿದ್ದು."

ಸುಧಾ ತಲೆಯಾಡಿಸಿದಳು. ಏನೆಂದು ಆಡಿಸಿದಳೋ, ದೊಡ್ಡಿ ಅದನ್ನು ಒಪ್ಪಿಗೆಯೆಂದುಕೊಂಡು ಕಾರ್ಡನ್ನು ಮತ್ತೆ ಕೊರಳಿಗೆ ಹಾಕಿಕೊಂಡಳು.

ಕಿಟಕಿಯಲ್ಲಿ ಅವಳು ಗೇಟಿನತ್ತ ನಡೆಯುವುದು ಕಾಣುತ್ತಿತ್ತು. ಸಾಂತಪ್ಪ ಅಲ್ಲಿರಲಿಲ್ಲ, ಗನ್ ಮೊಳೆಗೆ ತೂಗುತ್ತಿತ್ತು. ದೊಡ್ಡಿ ಅದರ ಮುಂದೆ ನಿಂತಳು. ಗಂಟನ್ನು ಕೆಳಗಿಟ್ಟು, ಸೆರಗಿನ ತುದಿ ಹಿಡಿದು, ಏನೋ ನೆನಪಾದವಳಂತೆ ಬಿಟ್ಟಳು. ಉಜ್ಜದೆಯೇ ಕಾರ್ಡನ್ನು ಗನ್ನಿನೆದುರು ಹಿಡಿದು, ಸ್ವಲ್ಪ ಹೊತ್ತು ಕಾದಳು. ಆಮೇಲೆ ಗಂಟು ಎತ್ತಿಕೊಂಡು ರಸ್ತೆಗಿಳಿದಳು.