ಹೆಸರು ಹಿಡಿದೇ ಕರಿ

ಪುತಲಿಯ ಕೈಮೇಲೆ ಅಜ್ಜಿ ಸಿಸ್ನು ಸೊಪ್ಪನ್ನು ಎರಡು ಸಲ ಎಳೆದಳು. ದದ್ದು ಏಳಲಿಲ್ಲ. ದೊಡ್ಡ ಗಂಡಸರನ್ನೂ ಕುಣಿಸುವ ತುರಿಕೆ ಸೊಪ್ಪದು. ಈ ಪುಟ್ಟ ಹುಡುಗಿ ಮಾತ್ರ ಕಣ್ಣು ಮಿಟುಕಿಸದೆ ಸೂರು ನೋಡುತ್ತ ಮಲಗಿದ್ದಳು.

“ಸಾತೋ ಮೈಬಿಟ್ಟು ಹೋಗಿದೆ,” ಎಂದಳು ಅಜ್ಜಿ, ಸೊಸೆ ಧನ್‌ಸರಿಗೆ. “ಬೆಳಿಗ್ಗೆ ಕಮರಿ ಹತ್ರ ಬಿದ್ದು ಹೆದರ್ಕೊಂಡ್ಲಲ್ಲ, ಅಲ್ಲೇ ನಿಂತಿರುತ್ತೆ ಜೀವ. ಹೊತ್ತು ಮುಳುಗೋದ್ರೊಳಗೆ ಕರ್ಕೊಂಡು ಬಾ. ಹೆಸರು ಹಿಡಿದೇ ಕರಿ. ನಿನ್ನ ಬಾಯೋ, ಕಂಡ ಮಕ್ಕಳನ್ನೆಲ್ಲ ಮುದ್ದಿಗೆ ‘ನಾನಿ, ನಾನಿ’ ಅನ್ನುತ್ತೆ. ದಾರೀಲಿ ತಿರುಗಿ ನೋಡ್ಬೇಡ.”

“ಗೊತ್ತು ಅತ್ತೆ.”

ಗೊತ್ತಿತ್ತು, ನಿಜ. ಆದರೆ ಎದೆ ಹೊಡೆದುಕೊಳ್ಳುವಾಗ ಗೊತ್ತಿದ್ದದ್ದು ಯಾರಿಗೆ ನೆನಪಿರುತ್ತದೆ? ಕಮರಿಯ ಅಂಚಿನಲ್ಲಿ ಸಿಸ್ನು ಸೊಂಟದೆತ್ತರ ಬೆಳೆದಿತ್ತು. ಹೋದ ಮಳೆಗಾಲ ಗುಡ್ಡ ಜಾರಿದಾಗ ಹಿರಿಮಗಳು ಜುನೇಲಿ ಸೊಪ್ಪು ಕೀಳುತ್ತಿದ್ದದ್ದೂ ಇಲ್ಲೇ. ಅವಳ ಬಿದಿರ ಚಿಮುಟವಷ್ಟೇ ಸಿಕ್ಕಿತ್ತು. ಅದೇ ಚಿಮುಟದಲ್ಲಿ ಧನ್‌ಸರಿ ರಾತ್ರಿಯ ಸಾರಿಗೆಂದು ಬುಟ್ಟಿಗೆ ಎಳೆ ಕುಡಿ ಕೀಳುತ್ತಿದ್ದಾಗ ಬಾಯಿ ತಾನಾಗಿ ಕರೆಯಿತು.

“ಬಾರೇ ನಾನಿ, ಮನೆಗೆ ಹೋಗೋಣ. ಹಸಿದಿದ್ದೀಯಲ್ಲೇ.”

ನಾಲಿಗೆ ಕಚ್ಚಿಕೊಂಡಳು. “ಪುತಲಿ,” ಎಂದು ಮತ್ತೆ ಕೂಗಿದಳು. ಅಷ್ಟರಲ್ಲಿ ಹಿಂದೆ ಸೊಪ್ಪು ಸರಿದಾಡಿತ್ತು.

ಇಳಿಜಾರಿನುದ್ದಕ್ಕೂ ಬೆನ್ನ ಹಿಂದೆ ಯಾರೋ ಪರಪರ ಮೈ ಕೆರೆದುಕೊಳ್ಳುವ ಸದ್ದು. ಅವಳು ತಿರುಗಲಿಲ್ಲ.

ಹೊಸ್ತಿಲು ದಾಟುತ್ತಲೇ ಪುತಲಿ ಬಿಕ್ಕಿದಳು. “ಅಮ್ಮಾ, ಉರೀತಿದೆ.” ಕೈತುಂಬ ಕೆಂಪು ದದ್ದು. ಧನ್‌ಸರಿಗೆ ಹೋದ ಜೀವ ಬಂದಂತಾಯಿತು. ಮಗಳನ್ನು ಅವುಚಿಕೊಂಡು ಅತ್ತಳು. ಪುತಲಿಯ ಎರಡೂ ಕೈ ತಾಯಿಯ ಕೊರಳಲ್ಲಿದ್ದವು. ಕೆರೆಯುವ ಸದ್ದು ಮಾತ್ರ ಬಾಗಿಲಲ್ಲಿ ಇನ್ನೂ ಕೇಳುತ್ತಿತ್ತು.

ಅಜ್ಜಿಯ ಮುಖ ಬಿಳಿಚಿತು. “ಹೆಸರು ಹಿಡಿದು ಕರೆದ್ಯಾ?”

“ಮೊದಲು ‘ನಾನಿ’ ಅಂದ್ಬಿಟ್ಟೆ ಅತ್ತೆ.”

“ಸೊಪ್ಪು ತಗೊಂಡು ಬಾಗಿಲಿಗೆ ಬಾರಿಸು. ಸಿಸ್ನು ಏಟು ಬಿದ್ರೆ ಅದು ಓಡಿಹೋಗುತ್ತೆ. ಒಳಗೆ ಬಂತೋ, ಇವಳನ್ನೂ ಕರ್ಕೊಂಡು ಹೋಗುತ್ತೆ.”

ಧನ್‌ಸರಿ ಚಿಮುಟದಲ್ಲಿ ಸೊಪ್ಪು ಹಿಡಿದು ಎದ್ದಳು.

“ಅಮ್ಮಾ,” ಎಂದಳು ಪುತಲಿ, ಬಾಗಿಲು ನೋಡುತ್ತ. “ಅಕ್ಕ ಚಿಮುಟ ಕೇಳ್ತಿದ್ದಾಳೆ. ಬರಿಗೈಲಿ ಕಿತ್ತು ಕಿತ್ತು ಕೈಯೆಲ್ಲ ಉರಿಯಂತೆ.”

ಎತ್ತಿದ ಕೈ ಅಲ್ಲೇ ನಿಂತಿತು. ಧನ್‌ಸರಿ ಚಿಮುಟವನ್ನು ಮೆಲ್ಲಗೆ ಹೊಸ್ತಿಲ ಮೇಲಿಟ್ಟಳು. ಸೊಪ್ಪನ್ನು ಬರಿಗೈಯಲ್ಲೇ ಬಾಚಿ ಕುದಿಯುವ ನೀರಿಗೆ ಹಾಕಿದಳು. ಅಂಗೈ ಧಗಧಗ ಉರಿಯಿತು. ಅಜ್ಜಿ ಬೇಡ ಬೇಡವೆನ್ನುತ್ತಿದ್ದಂತೆಯೇ ಎರಡು ತಟ್ಟೆ ತೆಗೆದಿಟ್ಟಳು.

“ಜುನೇಲಿ,” ಎಂದು ಈ ಸಲ ಹೆಸರು ಹಿಡಿದೇ ಕರೆದಳು. “ಒಳಗೆ ಬಾ. ತಂಗಿ ಪಕ್ಕ ಕೂತ್ಕೋ.”