ಹೂಂ ಎಂದ ಜಾಗಗಳು

ರೆಕಾರ್ಡಿಂಗನ್ನು ಇನ್ನೊಮ್ಮೆ ಹಿಂದಕ್ಕೆ ಎಳೆದು ಅವಳು ಕಿವಿಗೊಟ್ಟಳು. ಸಂದರ್ಶನ ಕೊಟ್ಟಿದ್ದ ಹೊಲಿಗೆಯಾಕೆ ಮಾತಾಡುತ್ತಿದ್ದಳು. ನಡುವೆ ತನ್ನದೇ ದನಿ, "ಹೂಂ." ಅದನ್ನು ಟೈಪು ಮಾಡಿ, ಎದ್ದು ಹೋಗಿ ಒಲೆಯ ಉರಿ ಸಣ್ಣಗೆ ಮಾಡಿ ಬಂದು ಮತ್ತೆ ಕೂತಳು.

ನಲವತ್ತು ದಾಟಿದ ಮೇಲೆ ಮನಶ್ಶಾಸ್ತ್ರದ ಸಂಶೋಧನಾ ಪದವಿಗೆ ಸೇರಿದವಳು. ಮದುವೆಯಾಗಿ ಕೆಲಸ ಬಿಟ್ಟ ಹೆಂಗಸರು ಆ ನಿರ್ಧಾರವನ್ನು ಈಗ ಹೇಗೆ ನೆನೆಯುತ್ತಾರೆ ಎಂಬುದು ವಿಷಯ. ಅವಳೂ ಹಾಗೆ ಕೆಲಸ ಬಿಟ್ಟವಳೇ. ಸಂದರ್ಶನಗಳನ್ನೆಲ್ಲ ಬರಹಕ್ಕಿಳಿಸಿ ಗೈಡ್ ಮೇಡಂಗೆ ಒಪ್ಪಿಸಿದ್ದಳು. ಮೇಡಂ ವಾಪಸು ಕೊಟ್ಟಿದ್ದರು. "ಅವರ ಕೆಮ್ಮು, ನಗು ಎಲ್ಲಾ ಬರ್ದಿದೀರಿ. ನೀವೆಲ್ಲಿದೀರಿ ಇದ್ರಲ್ಲಿ? ನಿಮ್ಮ ಹೂಂ, ಹಾಂ ಎಲ್ಲಾ ಹಾಕ್ಕೊಂಡು ಬನ್ನಿ."

"ಏನಮ್ಮಾ, ನಿನ್ನ ಹೂಂಗೂ ಮಾರ್ಕ್ಸ್ ಕೊಡ್ತಾರಾ?" ಬಾಗಿಲಲ್ಲಿ ನಿಂತು ಮಗಳು ಕೇಳಿದಳು.

"ನಿನ್ನ ಅಧಿಕಪ್ರಸಂಗಕ್ಕೆ ಕೊಡೋ ಹಾಗಿದ್ರೆ ನೀನೇ ಫಸ್ಟ್. ಹೋಗು, ನೀರು ತುಂಬಿಸಿಡು."

ಬೇಸರದ ಕೆಲಸವೆಂದುಕೊಂಡೇ ಶುರುಮಾಡಿದ್ದು. ಪುಟ ತುಂಬಿದ ಮೇಲೆ ಮೇಲಿಂದ ಓದಿದಳು. ಹೊಲಿಗೆಯಾಕೆ ಮೊದಲಿಗೆ, "ಬಿಟ್ಟಿದ್ದೇ ಒಳ್ಳೇದಾಯ್ತು ಬಿಡಿ, ಆ ಬಟ್ಟೆ ಫ್ಯಾಕ್ಟ್ರಿ ಸಹವಾಸ ಯಾರಿಗೆ ಬೇಕಿತ್ತು," ಎಂದಿದ್ದಳು. ಅಲ್ಲಿ ಇವಳ ಸದ್ದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಆಕೆಯೇ, "ಒಂದೊಂದ್ಸಲ ಬೇಜಾರಾಗುತ್ತೆ, ಅದೂ ನಿಜ," ಎಂದಳು. ಇವಳು, "ಹೂಂ, ಹೂಂ." ಅಲ್ಲಿಂದಾಚೆಗೆ ಬೇಜಾರು ಬೆಳೆಯುತ್ತಾ ಹೋಗಿತ್ತು. ಕೊನೆಯ ಪುಟದಲ್ಲಿ ಆಕೆ ಅತ್ತಿದ್ದಳು.

ಉಳಿದವರ ರೆಕಾರ್ಡಿಂಗುಗಳನ್ನೂ ಕೇಳಿದಳು. ಟೀಚರಾಗಿದ್ದವಳದು, ನರ್ಸಾಗಿದ್ದವಳದು, ಎಲ್ಲದರಲ್ಲೂ ಅದೇ. ಸುಖವಾಗಿದ್ದೇನೆ ಎಂದವರ ಮುಂದೆ ಅವಳು ಮೌನವಾಗಿದ್ದಳು. ನೊಂದೆ ಎಂದವರಿಗೆ ಮಾತ್ರ ಹೂಂಗುಟ್ಟಿದ್ದಳು. ಪಾಪ, ಮನೆಗೆ ಬಂದವಳಿಗೆ ಏನು ಬೇಕೋ ಅದನ್ನೇ ಬಡಿಸಿದ್ದರು ಅವರು.

ಮರುದಿನ ಮೇಡಂ ಪುಟಗಳನ್ನು ತಿರುವಿ ಕನ್ನಡಕ ತೆಗೆದರು. "ಗಾಬರಿಯಾಗ್ಬೇಡಿ, ಎಲ್ರಿಗೂ ಆಗೋದೇ. ಅಧ್ಯಯನದ ಮಿತಿಗಳು ಅಂತ ಒಂದು ಭಾಗ ಇದ್ಯಲ್ಲ, ಅಲ್ಲಿ ಪ್ರಾಮಾಣಿಕವಾಗಿ ಒಂದು ಪ್ಯಾರಾ ಬರೀರಿ. ಪಾಸಾಗುತ್ತೆ."

"ಮತ್ತೆ ಹೋಗಿ ಕೇಳಿದ್ರೆ, ಮೇಡಂ?"

"ಇನ್ನೊಂದು ಸೆಮಿಸ್ಟರ್ ಬೇಕಾಗುತ್ತೆ. ನಿಮ್ಮ ಯಜಮಾನರಿಗೆ ವರ್ಗ ಆಗಿದೆ ಅಂದ್ರಲ್ಲ. ಯೋಚ್ನೆ ಮಾಡಿ ಹೇಳಿ."

ಬರೆಯಲು ಕೂತರೆ ಆ ಪ್ಯಾರಾ ಸಲೀಸಾಗಿ ಬಂತು. ಓದಿದವರು ಭಲೇ ಎನ್ನುವ ಹಾಗಿತ್ತು. ಎರಡು ಸಲ ಓದಿ ಅಳಿಸಿಹಾಕಿದಳು. ಅದರ ಹಿಂದಿನ ಅಧ್ಯಾಯಗಳಲ್ಲಿ ಹೊಲಿಗೆಯಾಕೆ ಅಳುತ್ತಲೇ ಇರುತ್ತಿದ್ದಳಲ್ಲ.

ಸಂಜೆ ಗಂಡ ಖಾಲಿ ರಟ್ಟಿನ ಡಬ್ಬಗಳನ್ನು ಹೊತ್ತು ತಂದ. ಹೊಸ ಊರಿನಲ್ಲಿ ಮನೆ ಗೊತ್ತಾಗಿತ್ತು. ಮಗಳ ಕಾಲೇಜೂ ಅಲ್ಲೇ. ಇವಳ ಪ್ರಬಂಧವೊಂದು ಮುಗಿದರೆ ಲಾರಿಗೆ ಹೇಳುವುದಷ್ಟೇ ಬಾಕಿ.

"ಏನಂದ್ರು ನಿಮ್ಮ ಮೇಡಂ?"

"ಪಾಸಾಗುತ್ತೆ ಅಂದ್ರು."

"ಅಬ್ಬಾ, ಅಂತೂ ಬಿಡುಗಡೆ. ಎರಡು ವರ್ಷದಿಂದ ನಾನು ಏನು ಹೇಳಿದ್ರೂ 'ನಿಮಗೆ ಹಾಗೆ ಯಾಕನ್ನಿಸ್ತು' ಅಂತ ನೀನು ಕೇಳ್ತಿದ್ದೆ ಮಾರಾಯ್ತಿ. ಇನ್ನು ಅದೂ ತಪ್ಪುತ್ತೆ."

ಅವಳು ನಕ್ಕಳು. ಅವನು ಡಬ್ಬಗಳಿಗೆ ಟೇಪು ಅಂಟಿಸುತ್ತಾ, "ಅಡುಗೆಮನೆಯಿಂದಲೇ ಶುರು ಮಾಡು. ಅದೇ ದೊಡ್ಡ ತಲೆನೋವು," ಎಂದ.

ಅವಳು ಪಾತ್ರೆಗಳನ್ನು ಒಂದೊಂದಾಗಿ ಹಳೆಯ ಬಟ್ಟೆಯಲ್ಲಿ ಸುತ್ತಿ ಡಬ್ಬಕ್ಕಿಟ್ಟಳು. ದೊಡ್ಡವು, ನಡುವಿನವು, ಡಬ್ಬಿಗಳು. ಕೆಳಗಿನ ಗೂಡಿನಲ್ಲಿ ಒಂದು ತಟ್ಟೆ, ಒಂದು ಲೋಟ, ಒಬ್ಬರಿಗೆ ಅನ್ನ ಬೇಯುವಷ್ಟು ಸಣ್ಣ ಪಾತ್ರೆ ಉಳಿದವು. ಅವುಗಳನ್ನು ಒರೆಸಿ, ಇದ್ದ ಜಾಗದಲ್ಲೇ ಬೋರಲು ಹಾಕಿ, ಗೂಡಿನ ಬಾಗಿಲು ಮುಚ್ಚಿದಳು.

"ಆಯ್ತಾ?" ಹಾಲಿನಿಂದ ಗಂಡ ಕೇಳಿದ.

"ನಿಮ್ಮದೆಲ್ಲಾ ಆಯ್ತು," ಎಂದಳು.