ಸೊಟ್ಟ ಅಂಚು

"ಸ್ವಲ್ಪ ಜಾಗ ಬಿಡ್ರೇ, ಈಗ ಗುನ್ವೋರ್‌ದು ಬರುತ್ತೆ," ಎನ್ನುತ್ತ ಮಾಯ್ಲಿಸ್ ಕೊನೆಯ ಜಮಖಾನವನ್ನು ಮಗ್ಗದಿಂದ ಕತ್ತರಿಸಿ ನೆಲಕ್ಕೆ ಹಾಸಿದಳು.

ಊರಿನ ನೇಯ್ಗೆಮನೆಯಲ್ಲಿ ಅಂದು ಕತ್ತರಿ ಹಾಕುವ ದಿನ. ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲಿನ ಒಂದೇ ಹಾಸಿನ ಮೇಲೆ ಐವರು ಹೆಂಗಸರು ಸರದಿಯಂತೆ ಹಳೆ ಬಟ್ಟೆಯ ಪಟ್ಟಿಗಳಿಂದ ಜಮಖಾನ ನೇಯ್ದಿದ್ದರು. ನೇಯ್ದದ್ದೆಲ್ಲ ಉರುಳೆಗೆ ಸುತ್ತಿಕೊಳ್ಳುವುದರಿಂದ ಈ ದಿನದ ತನಕ ಯಾರ ಕೆಲಸವೂ ಪೂರ್ತಿ ಕಾಣುವುದಿಲ್ಲ. ಕಾಫಿ, ಏಲಕ್ಕಿ ಬನ್ನು, ಬಾಯ್ತುಂಬ ಕುಹಕ ಎಲ್ಲ ಇವತ್ತಿಗೇ ಮೀಸಲು.

ಗುನ್ವೋರ್ ಅರ್ಧ ನೇಯುವಷ್ಟರಲ್ಲಿ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು. ಉಳಿದರ್ಧಕ್ಕೆ ಗಂಡ ಹಿಲ್ಡಿಂಗ್ ಬಂದು ಪಕ್ಕದಲ್ಲಿ ಕೂತ. ಅವಳು ಎಡಗೈಯಿಂದ ಲಾಳಿ ತಳ್ಳುವಳು, ಇವನು ಹಿಡಿದು ಎಳೆಯುವನು. ಸ್ವೀಡನ್ನಿನ ಅರ್ಧ ಕಾಡನ್ನು ಕಡಿದ ಕೈ ಅದು. ಜಗ್ಗಿದಾಗೆಲ್ಲ ಅಂಚು ಒಳಸರಿದು ಸೊಟ್ಟಗಾಗುತ್ತಿತ್ತು. ಗಂಡಹೆಂಡತಿ ಅಷ್ಟೊಂದು ನಕ್ಕಿದ್ದನ್ನು ಊರು ಹಿಂದೆಂದೂ ಕಂಡಿರಲಿಲ್ಲ.

ನೆಲದ ಮೇಲಿನ ಜಮಖಾನ ಮಾತ್ರ ಈ ತುದಿಯಿಂದ ಆ ತುದಿಗೆ ಗೆರೆ ಎಳೆದಷ್ಟು ನೇರವಾಗಿತ್ತು.

"ನೋಡಿದ್ಯಾ? ಮಾನ ಹೋಗುತ್ತೆ ಅಂತ ಹೆದ್ರಿದ್ದೆ ನಾನು," ಹಿಲ್ಡಿಂಗ್ ಎದೆಯುಬ್ಬಿಸಿದ. "ನನ್ನ ಕೈಯೂ ಪಳಗಿದೆ ಕಣೇ."

ಗುನ್ವೋರ್ ಬಗ್ಗಿ ಅಂಚನ್ನು ಎಡಗೈಯಿಂದ ಸವರಿದಳು. ಮತ್ತೆ ಸವರಿದಳು. ಆಮೇಲೆ ಮಾಯ್ಲಿಸಳತ್ತ ನೋಡಿದಳು. ಕಣ್ಣು ತುಂಬಿತ್ತು.

"ಖುಷಿಗೆ ಅಳ್ತಿದಾಳೆ," ಎಂದ ಹಿಲ್ಡಿಂಗ್.

"ಖುಷಿಗಲ್ಲ ಕಣೋ." ಮಾಯ್ಲಿಸಳ ಕಿವಿ ಕೆಂಪಾಗಿತ್ತು. "ನೀವು ಮುಗಿಸಿ ಹೋದ್ಮೇಲೆ ನಿನ್ನ ಅರ್ಧಾನ ನಾನೇ ಬಿಚ್ಚಿ, ಮತ್ತೆ ನೇಯ್ದೆ. ನಾಲ್ಕು ಜನ ನಗಬಾರ್ದು ಅಂತ. ಒಳ್ಳೇದು ಮಾಡೋಕೆ ಹೋಗಿ ಕೆಡಿಸ್ಬಿಟ್ಟೆ."

ಬನ್ನು ತಿನ್ನುತ್ತಿದ್ದವರು ಅಗಿಯುವುದನ್ನು ನಿಲ್ಲಿಸಿದರು. ಹಿಲ್ಡಿಂಗನಿಗೆ ಸಿಟ್ಟು ಬರಲಿಲ್ಲ, ಬಗ್ಗಿ ತಾನೂ ಆ ಅಂಚನ್ನು ಸವರಿದ.

"ಹಾಗಾದ್ರೆ ಇದ್ರಲ್ಲಿ ನಾವಿಬ್ರೂ ಸೇರಿ ಮಾಡಿದ್ದು ಏನೂ ಇಲ್ಲ," ಎಂದ ಮೆಲ್ಲಗೆ.

ಮಗ್ಗದಲ್ಲಿ ಇನ್ನೂ ಮೊಳದಷ್ಟು ಹಾಸು ಉಳಿದಿತ್ತು, ಎಸೆಯುವಂಥದ್ದು. ಗುನ್ವೋರ್ ಹೋಗಿ ಬೆಂಚಿನ ಮೇಲೆ ಕೂತು ಪಕ್ಕದ ಜಾಗವನ್ನು ತಟ್ಟಿದಳು.

"ಬಾ," ಎಂದಳು. ಆ ಒಂದು ಮಾತು ತೊದಲಲಿಲ್ಲ.

ಮಾಯ್ಲಿಸ್ ನೂಲಿನ ತುದಿಗಳನ್ನು ಮತ್ತೆ ಮಗ್ಗಕ್ಕೆ ಕಟ್ಟಿಕೊಟ್ಟಳು. ಲಾಳಿ ಹೋಯಿತು. ಹಿಲ್ಡಿಂಗ್ ಜಗ್ಗಿದ, ಅಂಚು ಒಳಸರಿಯಿತು. ಗುನ್ವೋರ್ ನಕ್ಕಳು. ಮಾಯ್ಲಿಸ್ ತಡೆಯಲಾರದೆ ಒಂದು ಹೆಜ್ಜೆ ಮುಂದೆ ಬಂದವಳು, ಹಿಂದೆ ಸರಿದು ಕುರ್ಚಿಯಲ್ಲಿ ಕೂತು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡಳು.